ಹಿತ್ತಲಲ್ಲಿ ಇನ್ನೊಂದು ಪುಟ್ಟ ಮನೆ: ಉತ್ತರ ಕನ್ನಡದ ಮಳೆಗೆ ಜಗ್ಗದಂತೆ ಕಟ್ಟುವುದು ಹೇಗೆ?

ಹಿತ್ತಲಲ್ಲಿ ಎರಡನೇ ಮನೆ ಕಟ್ಟಬೇಕು ಎಂದು ಹೊರಟವರು ಮೊದಲು ಇಂಜಿನಿಯರ್ ಹತ್ತಿರ ಹೋಗುತ್ತಾರೆ. ನನ್ನನ್ನು ಕೇಳಿದರೆ ಮೊದಲು ಬೇಕಾದದ್ದು ಒಂದು ಕೊಡೆ ಮತ್ತು ಜುಲೈ ತಿಂಗಳು.

ನಾವು ಕುಮಟಾ ಕಡೆಯವರು. ಹಳೆ ಮನೆಯ ಮೆಟ್ಟಿಲು ಆಯಿಗೆ ಹತ್ತಲು ಆಗುತ್ತಿರಲಿಲ್ಲ. ಅವಳಿಗಾಗಿ ಹಿತ್ತಲಲ್ಲಿ 450 ಚದರ ಅಡಿಯ ಒಂದು ಮನೆ ಕಟ್ಟಿದೆವು. ಕೆಲವರು ಇದನ್ನು ಔಟ್‌ಹೌಸ್ ಎನ್ನುತ್ತಾರೆ, ಘಟ್ಟದ ಮೇಲೆ ಬಿಡಾರ ಎನ್ನುವವರೂ ಇದ್ದಾರೆ. ಮದುವೆಯಾದ ಮಗನಿಗೆ, ಬಾಡಿಗೆಗೆ, ಬೆಂಗಳೂರಿನಿಂದ ಬಂದು ಮನೆಯಿಂದಲೇ ಕೆಲಸ ಮಾಡುವ ಮಗಳಿಗೆ, ಹೀಗೆ ಕಾರಣ ಏನೇ ಇರಲಿ, ಕೆಲಸದ ದಾರಿ ಹೆಚ್ಚು ಕಡಿಮೆ ಒಂದೇ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜಾಗ, ಪಾಯ, ಮಾಡು, ಶೌಚದ ಗುಂಡಿ, ಎಲ್ಲವನ್ನೂ ಈ ನಾಲ್ಕು ತಿಂಗಳೇ ಪರೀಕ್ಷೆ ಮಾಡುವುದು. ಅದಕ್ಕೇ ಈ ಬರಹವೂ ಜುಲೈಯಿಂದ ಶುರುವಾಗುತ್ತದೆ.

ಜುಲೈ: ಕೊಡೆ ಹಿಡಿದು ಜಾಗ ನೋಡಿ

ಜೋರು ಮಳೆ ಹಿಡಿದ ದಿನ ಹಿತ್ತಲಲ್ಲಿ ಒಂದು ತಾಸು ನಿಲ್ಲಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ ನೋಡಿ. ನೀರು ನಿಂತ ಅಂಚಿಗೆ ನಾಲ್ಕೈದು ಗೂಟ ಹೊಡೆದು, ನೀರಿನ ಮಟ್ಟಕ್ಕೆ ಬಣ್ಣದ ಗುರುತು ಹಾಕಿ. ಬೇಸಿಗೆಯಲ್ಲಿ ಅದೇ ಜಾಗ ಎಷ್ಟು ಒಣಗಿರುತ್ತದೆ ಎಂದರೆ ಇಲ್ಲಿ ಮೊಣಕಾಲು ನೀರಿತ್ತು ಎಂದು ನಿಮ್ಮ ಮಾತನ್ನೇ ನೀವು ನಂಬುವುದಿಲ್ಲ. ಗೂಟ ಸುಳ್ಳು ಹೇಳುವುದಿಲ್ಲ.

ಇನ್ನೊಂದು ಕೆಲಸ ಮಾಡಿ. ಮನೆ ಬರುವ ಜಾಗದಲ್ಲಿ ಒಂದು, ಶೌಚದ ಗುಂಡಿ ಬರುವ ಜಾಗದಲ್ಲಿ ಒಂದು, ಆಳುದ್ದದ ಸಣ್ಣ ಗುಂಡಿ ತೋಡಿಸಿ, ಮೇಲೆ ತಗಡು ಮುಚ್ಚಿ ಬಿಡಿ. ಎರಡು ದಿನ ಬಿಟ್ಟು ಒಳಗೆ ಎಷ್ಟು ನೀರು ಊರಿದೆ ಅಳೆಯಿರಿ. ನಾವು ಗೂಟ ಹೊಡೆದೆವು, ಗುಂಡಿ ತೋಡಲಿಲ್ಲ. ಅದರ ಫಲ ಮುಂದೆ ಹೇಳುತ್ತೇನೆ.

ಹಿಂದೆ ಗುಡ್ಡ ಇದ್ದರೆ ಎಚ್ಚರ. ಜಾಗ ಸಾಲದು ಎಂದು ಜೆಸಿಬಿ ತಂದು ಗುಡ್ಡವನ್ನು ನೆಟ್ಟಗೆ ಕಡಿದು, ಆ ಗೋಡೆಗೆ ಆತುಕೊಂಡೇ ಮನೆ ಕಟ್ಟುವುದು ಈಗ ಮಾಮೂಲಿಯಾಗಿದೆ. 2009ರ ಅಕ್ಟೋಬರ್‌ನಲ್ಲಿ ಕಾರವಾರದ ಹತ್ತಿರದ ಕಡವಾಡದಲ್ಲಿ, 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಈ ಜಿಲ್ಲೆಯವರಿಗೆ ಮರೆಯುವ ವಿಷಯವಲ್ಲ. ಕಡಿಯಲೇಬೇಕು ಎಂದಾದರೆ ಇಳಿಜಾರಾಗಿ, ಮೆಟ್ಟಿಲು ಮೆಟ್ಟಿಲಾಗಿ ಕಡಿಸಿ. ಮೇಲಿನ ನೀರು ಬದಿಗೆ ಹೋಗಲು ಕಡಿದ ಜಾಗದ ತಲೆಯ ಮೇಲೆ ಒಂದು ಕಾಲುವೆ ಮಾಡಿ. ಕಡಿದ ಎತ್ತರದಷ್ಟಾದರೂ ದೂರ ಬಿಟ್ಟು ಮನೆ ಕಟ್ಟಿ. ಅಷ್ಟು ಜಾಗ ಇಲ್ಲದಿದ್ದರೆ ಅಲ್ಲಿ ಮನೆ ಬೇಡ.

ತಲೆ ಎತ್ತಿಯೂ ಒಮ್ಮೆ ನೋಡಿ. ತೆಂಗಿನ ಮರದ ಕೆಳಗೆ ಹಂಚಿನ ಮಾಡು ಮಾಡಿದವರು ಪ್ರತಿ ತಿಂಗಳು ಹಂಚು ಬದಲಿಸುತ್ತಿರುತ್ತಾರೆ.

ಆಗಸ್ಟ್: ಕಾಗದ ತೆಗೆಯಿರಿ

ಕಟ್ಟುವುದಕ್ಕಿಂತ ಜಾಸ್ತಿ ದಿನ ಹಿಡಿಯುವುದು ಇದೇ. ಮೂರು ಪ್ರಶ್ನೆಗೆ ಉತ್ತರ ಬೇಕು: ಜಾಗ ಯಾರದ್ದು? ಎಂಥ ಜಾಗ? ಪರವಾನಗಿ ಕೊಡುವವರು ಯಾರು?

ಯಾರದ್ದು ಎಂಬ ಪ್ರಶ್ನೆಯೇ ನಮ್ಮಲ್ಲಿ ದೊಡ್ಡದು. ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರಿರುತ್ತದೆ, ಅಣ್ಣತಮ್ಮಂದಿರ ಹಿಸ್ಸೆ ಬಾಯಿಮಾತಿನಲ್ಲೇ ಆಗಿರುತ್ತದೆ. 'ಈ ಬದಿ ನಿಂದು, ಆ ಬದಿ ನಂದು' ಎಂದು ತೆಂಗಿನ ಮರ ತೋರಿಸಿ ಮಾತು ಮುಗಿಸಿರುತ್ತಾರೆ. ಅಂಥ ಜಾಗದಲ್ಲಿ ನಿಮ್ಮ ದುಡ್ಡಿನಲ್ಲಿ ಮನೆ ಕಟ್ಟಿದರೂ ಜಾಗದಲ್ಲಿ ಎಲ್ಲರ ಪಾಲು ಹಾಗೆಯೇ ಇರುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಹಾಗಾಗಿ ಮುಂಬೈಯಲ್ಲಿರುವ ಅಕ್ಕನ ಸಹಿಯೂ ಬೇಕು. ಮೊದಲು ಹಿಸ್ಸೆ ಪತ್ರ ನೋಂದಣಿ ಮಾಡಿಸಿ. ಅದಾಗದಿದ್ದರೆ ಕಡೇ ಪಕ್ಷ ಎಲ್ಲ ಪಾಲುದಾರರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಚೌತಿಗೆ ಎಲ್ಲರೂ ಊರಿಗೆ ಬಂದಾಗಲೇ ಈ ಮಾತು ತೆಗೆಯುವುದು ಒಳ್ಳೆಯದು. ಊಟವಾದ ಮೇಲೆ, ಮೊದಲಲ್ಲ.

ಎಂಥ ಜಾಗ ಎನ್ನುವುದು ಎರಡನೆಯದು. ಗಾವಠಾಣ (ಊರಿನ ಮನೆಗಳಿರುವ ಜಾಗ) ಅಥವಾ ಬಿನಶೇತ್ಕಿ (ಕೃಷಿಯೇತರ) ಆದ ಜಾಗವಾದರೆ ದಾರಿ ಸಲೀಸು. ಸಾಗುವಳಿ ಜಮೀನಾದರೆ ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 95ನೇ ಕಲಂ ಪ್ರಕಾರ ಬಿನಶೇತ್ಕಿ ಮಾಡಿಸಬೇಕು. ರೈತ ತನ್ನ ಸಾಗುವಳಿಗೆ ಬೇಕಾದ ತೋಟದ ಮನೆ ಕಟ್ಟಿಕೊಳ್ಳಲು ಅದೇ ಕಲಂ ಅವಕಾಶ ಕೊಡುತ್ತದೆ, ಹಿಡುವಳಿಯ ಶೇಕಡಾ 10ಕ್ಕೆ ಮೀರದಂತೆ. ಆದರೆ ಅದು ಬೇಸಾಯ ಮಾಡುವವರ ಬಳಕೆಗೆ. ಅದನ್ನು ತೋರಿಸಿ ಗೋಕರ್ಣದ ಪ್ರವಾಸಿಗರಿಗೆ ಕೋಣೆ ಬಾಡಿಗೆ ಕೊಡುತ್ತೇನೆ ಎಂದರೆ ನಡೆಯುವುದಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಒಂದು ಮಾತು. ತೋಟಕ್ಕೆ ತಾಗಿದ ಸೊಪ್ಪಿನ ಬೆಟ್ಟವನ್ನು ನಾವು 'ನಮ್ಮ ಬೆಟ್ಟ' ಎನ್ನುತ್ತೇವೆ. ಆದರೆ ನಮಗಿರುವುದು ಸೊಪ್ಪು, ದರಕು (ಒಣ ಎಲೆ) ತರುವ ಸವಲತ್ತು, ಮಾಲ್ಕಿ ಅಲ್ಲ. ಅಲ್ಲಿ ಮನೆ ಕಟ್ಟಲು ಬರುವುದಿಲ್ಲ. ಅತಿಕ್ರಮಣ ಜಾಗದ ಮಾತಂತೂ ಬೇರೆಯೇ ಕಥೆ. ಆ ಜಾಗಕ್ಕಾಗಿ ಹಾಕಿದ ಅರ್ಜಿ ತೀರ್ಮಾನವಾಗುವ ಮೊದಲು ಅಲ್ಲಿ ಹೊಸ ಪಾಯ ಹಾಕಬೇಡಿ.

ಪರವಾನಗಿ ಹಳ್ಳಿಯಲ್ಲಿ ಗ್ರಾಮ ಪಂಚಾಯತಿಯದ್ದು, 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ. ಕಾರವಾರ, ಶಿರಸಿಯಂಥ ಊರಲ್ಲಿ ನಗರಸಭೆಯದ್ದು, 1964ರ ಪುರಸಭೆಗಳ ಕಾಯ್ದೆಯ 187ನೇ ಕಲಂ. ಪಂಚಾಯತಿಯಲ್ಲಿ ಇ-ಸ್ವತ್ತಿನ (ಆನ್‌ಲೈನ್ ಆಸ್ತಿ ದಾಖಲೆಯ) ನಮೂನೆ 9 ಮತ್ತು 11ಎ ಕೇಳುತ್ತಾರೆ. ಕೈಗೆ 11ಬಿ ಬಂದಿದ್ದರೆ ಜಾಗದ ದಾಖಲೆಯಲ್ಲಿ ಏನೋ ಕೊರತೆ ಇದೆ ಎಂದು ಅರ್ಥ. ಪಿಡಿಓ ಹತ್ತಿರ ಅದನ್ನೇ ಮೊದಲು ಕೇಳಿ. ಊರಿನೊಳಗಾದರೆ ಇ-ಖಾತಾ. ಜೊತೆಗೆ ಋಣಭಾರ ಪತ್ರ, ಅಳತೆಯ ನಕ್ಷೆ, ತೆರಿಗೆ ಕಟ್ಟಿದ ರಸೀದಿ, ಇಂಜಿನಿಯರ್ ಸಹಿಯ ಮನೆ ನಕ್ಷೆ.

'ಹಿತ್ತಲಲ್ಲಿ ಸಣ್ಣದು ಕಟ್ಟಿದರೆ ಯಾರು ಕೇಳುತ್ತಾರೆ?' ಎಂದು ಹತ್ತು ಜನ ಹೇಳುತ್ತಾರೆ. ಕಟ್ಟುವಾಗ ಯಾರೂ ಕೇಳದೆ ಇರಬಹುದು. ಹೆಸ್ಕಾಂ ಮೀಟರ್ ಕೇಳುವಾಗ, ಬ್ಯಾಂಕ್ ಸಾಲ ಕೇಳುವಾಗ, ಪಕ್ಕದ ಮನೆಯವರ ಜೊತೆ ಜಗಳವಾದಾಗ ಎಲ್ಲರೂ ಕೇಳುತ್ತಾರೆ.

ಸಮುದ್ರ, ಹೊಳೆ ಹತ್ತಿರ ಇದ್ದರೆ

ಕರಾವಳಿ ನಿಯಂತ್ರಣ ವಲಯ, ಅಂದರೆ ಸಿಆರ್‌ಝಡ್, ಸಮುದ್ರದ ದಂಡೆಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಉಬ್ಬರ ಏರುವ ಹೊಳೆಗೂ ಅದು ಇದೆ. ಬೇಸಿಗೆಯ ಕೊನೆಯಲ್ಲಿ ಹೊಳೆ ನೀರಿನ ಉಪ್ಪು ಸಾವಿರಕ್ಕೆ 5 ಪಾಲು ಇರುವ ಜಾಗದ ತನಕ ಅದು ಲೆಕ್ಕಕ್ಕೆ ಬರುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕರ ಅಳಿವೆಯಲ್ಲೂ ಹೀಗೆ ಒಳನಾಡಿನವರೆಗೆ ಜಾಗ ಸಿಕ್ಕಿಬೀಳುತ್ತದೆ. ಗಜನಿ ಗದ್ದೆ (ಉಪ್ಪು ನೀರು ಏರುವ ಗದ್ದೆ) ಪಕ್ಕದ ಮನೆಯವರು ಇದನ್ನು ಮೊದಲೇ ನೋಡಿಕೊಳ್ಳಬೇಕು.

ಸಮುದ್ರದ ಬದಿಯಲ್ಲಿ ಉಬ್ಬರದ ಗೆರೆಯಿಂದ 500 ಮೀಟರ್ ತನಕ ವಲಯ. ಹಳ್ಳಿಗಳಲ್ಲಿ ಗೆರೆಯಿಂದ ಮೊದಲ 200 ಮೀಟರ್ ಹೊಸ ಕಟ್ಟಡಕ್ಕೆ ನಿಷೇಧ. 2019ರ ಅಧಿಸೂಚನೆ ಜನದಟ್ಟಣೆ ಹೆಚ್ಚಿರುವ ಹಳ್ಳಿಗಳಿಗೆ ಇದನ್ನು 50 ಮೀಟರ್‌ಗೆ ಇಳಿಸಿತು. ಚದರ ಕಿಲೋಮೀಟರಿಗೆ 2,161 ಜನರಿಗಿಂತ ಹೆಚ್ಚು, ಅದೂ 2011ರ ಜನಗಣತಿಯ ಪ್ರಕಾರ. ನಿಷೇಧದ ಪಟ್ಟಿಯೊಳಗೆ ಹಳೆಯ ಅಧಿಕೃತ ಮನೆಯನ್ನು ಇದ್ದ ಅಳತೆಯಲ್ಲೇ ರಿಪೇರಿ ಮಾಡಬಹುದು, ಹೊಸದಾಗಿ ಎರಡನೆಯದನ್ನು ಕಟ್ಟಲಾಗದು. ಪಟ್ಟಿಯ ಆಚೆ ಸ್ಥಳೀಯರು ವಾಸಕ್ಕೆ ಮನೆ ಕಟ್ಟಬಹುದು, ಆದರೆ ಎತ್ತರ 9 ಮೀಟರ್ ಮೀರಬಾರದು, ಎರಡು ಅಂತಸ್ತಿಗಿಂತ ಹೆಚ್ಚು ಬೇಡ. ಕಾರವಾರ ಪಟ್ಟಣದಂಥ ಕಡೆ, ಈಗಿರುವ ರಸ್ತೆ ಅಥವಾ ಅಧಿಕೃತ ಕಟ್ಟಡದ ಒಳಬದಿಗೆ ಮಾತ್ರ ಅವಕಾಶ. ಸ್ವಂತ ವಾಸದ ಮನೆ 300 ಚದರ ಮೀಟರ್ ಒಳಗಿದ್ದರೆ 2019ರ ಅಧಿಸೂಚನೆಯ ಪ್ರಕಾರ ಸ್ಥಳೀಯ ಸಂಸ್ಥೆಯೇ ತೀರ್ಮಾನಿಸಬಹುದು. ನಿಮ್ಮ ಸರ್ವೆ ನಂಬರ್ ಯಾವ ಪಟ್ಟಿಯಲ್ಲಿದೆ ಎಂದು ಕಾರವಾರದಲ್ಲಿರುವ ಪರಿಸರ ಇಲಾಖೆಯ ಪ್ರಾದೇಶಿಕ ಕಚೇರಿಯಲ್ಲಿ ನಕ್ಷೆ ನೋಡಿ ಬರಹದಲ್ಲಿ ತೆಗೆದುಕೊಳ್ಳಿ. ಚಾ ಅಂಗಡಿಯ ಅಂದಾಜು ಸಾಲದು.

ಹೆದ್ದಾರಿ 66ರ ಅಂಚಿನವರು, ಕೊಂಕಣ ರೈಲ್ವೆ ಗಡಿಗೆ ಹತ್ತಿರದವರು ಆಯಾ ಇಲಾಖೆಯಲ್ಲೂ ಕೇಳಬೇಕು.

ನಕ್ಷೆ: ಮಳೆಗೆ ಬೆನ್ನು ಹಾಕಿ

ನಮ್ಮ ಮಳೆ ನೈರುತ್ಯದಿಂದ ಬರುತ್ತದೆ. ಇರಚಲು ಹೊಡೆಯುವುದು ಆ ಬದಿಯ ಗೋಡೆಗೆ. ಹಾಗಾಗಿ ಬಚ್ಚಲು, ಶೌಚ, ಕಟ್ಟಿಗೆ ಇಡುವ ಜಾಗ ಎಲ್ಲ ಪಶ್ಚಿಮ-ದಕ್ಷಿಣಕ್ಕೆ ಬರಲಿ. ಬಾಗಿಲು, ಜಗಲಿ, ದೊಡ್ಡ ಕಿಟಕಿ ಪೂರ್ವ-ಉತ್ತರಕ್ಕೆ. ವಾಸ್ತು ನೋಡುವವರು ಬೇರೆ ಹೇಳಬಹುದು. ಅವರ ಮಾತನ್ನೂ ಕೇಳಿ, ಆದರೆ ಪಶ್ಚಿಮಕ್ಕೆ ದೊಡ್ಡ ಕಿಟಕಿ ಇಟ್ಟು ಮಳೆಗಾಲ ಇಡೀ ಅದಕ್ಕೆ ತಟ್ಟಿ ಕಟ್ಟಿಕೊಂಡು ಕೂರುವುದು ನೀವೇ.

ನಮ್ಮದು ಹೊರಗಿನ ಅಳತೆ 18 ಅಡಿ, 25 ಅಡಿ. ಒಂದು ಮಲಗುವ ಕೋಣೆ, ಅಡುಗೆ ಮತ್ತು ಕೂರುವುದು ಒಂದೇ ಕಡೆ, ಒಂದು ಬಚ್ಚಲು, ಮುಂದೆ ಸಣ್ಣ ಜಗಲಿ. ಒಬ್ಬರು ಇಬ್ಬರಿಗೆ ಧಾರಾಳ.

ವಯಸ್ಸಾದವರಿಗೆ ಕಟ್ಟುವುದಾದರೆ ಒಂದು ಲೆಕ್ಕ ತಲೆ ತಿನ್ನುತ್ತದೆ. ನೀರಿನ ಗುರುತು ನೋಡಿದರೆ ಪಂಚಾಂಗ (ಗೋಡೆ ಶುರುವಾಗುವ ಕಟ್ಟೆ) ಎರಡು ಅಡಿಯಾದರೂ ಎತ್ತರ ಬೇಕು. ಗಾಲಿ ಕುರ್ಚಿ ಹತ್ತುವ ಇಳಿಜಾರಿಗೆ ಒಂದು ಅಡಿ ಏರಲು 12 ಅಡಿ ಉದ್ದ ಬೇಕು. ಅಂದರೆ 24 ಅಡಿಯ ಇಳಿಜಾರು! ಅಂಗಳದಲ್ಲಿ ಅಷ್ಟು ನೇರ ಜಾಗ ಯಾರ ಹತ್ತಿರ ಇರುತ್ತದೆ? ನಾವು 12 ಅಡಿಗೆ ಒಂದು ತಿರುವು ಕೊಟ್ಟು, ನಡುವೆ ನಿಲ್ಲಲು ಚಪ್ಪಟೆ ಜಾಗ ಮಾಡಿ, ಮನೆಯ ಉತ್ತರ ಬದಿಗೆ ಸುತ್ತಿಸಿದೆವು. ಹಿತ್ತಲು ಒಂದು ಕಡೆ ಎತ್ತರ ಇದ್ದರೆ ಬಾಗಿಲನ್ನು ಆ ಬದಿಗೇ ಇಟ್ಟುಬಿಡಿ, ಅರ್ಧ ಸಮಸ್ಯೆ ಮುಗಿಯುತ್ತದೆ. ಬಾಗಿಲು ಮೂರು ಅಡಿ ಅಗಲ, ಬಚ್ಚಲಿನದ್ದೂ ಅಷ್ಟೇ. ಬಚ್ಚಲ ಗೋಡೆಗೆ ಹಿಡಿಕೆ ಕೂರಿಸುವ ಜಾಗದಲ್ಲಿ ಗೋಡೆ ಗಟ್ಟಿ ಇರಲಿ, ಆಮೇಲೆ ಕೊರೆದು ಹಾಕಿದ ಹಿಡಿಕೆ ಕೈಗೆ ಬರುತ್ತದೆ.

ಪಾಗಾರದಿಂದ ದೂರ ಅಳೆಯುವಾಗ ಗೋಡೆಯಿಂದ ಅಳೆಯಬೇಡಿ, ಮಾಡಿನ ಅಂಚಿನಿಂದ ಅಳೆಯಿರಿ. ನಿಮ್ಮ ಮಾಡಿನ ನೀರು ಪಕ್ಕದವರ ಹಿತ್ತಲಿಗೆ ಬಿದ್ದರೆ ಮೂರು ತಲೆಮಾರಿನ ಸ್ನೇಹ ಮೂರು ದಿನದಲ್ಲಿ ಮುಗಿಯುತ್ತದೆ. ಅಂಚಿನ ಕೆಳಗೆ ಚರಂಡಿಗೂ ಜಾಗ ಬೇಕು, ಅದೂ ನಿಮ್ಮ ಗಡಿಯೊಳಗೆ. ಕನಿಷ್ಠ ಎಷ್ಟು ಬಿಡಬೇಕೆಂದು ಪಂಚಾಯತಿ ಅಥವಾ ನಗರಸಭೆಯ ನಿಯಮ ಬೇರೆ ಇರುತ್ತದೆ, ಅದಕ್ಕಿಂತ ಕಡಿಮೆ ಆಗಬಾರದು.

ಕೆಲಸ ಒಪ್ಪಿಸುವುದು

ಎರಡು ರೀತಿ. ಸಾಮಾನು ಸಹಿತ ಕಂತ್ರಾಟು, ಇಲ್ಲವೇ ಕೂಲಿ ಮಾತ್ರ. ನೀವು ದಿನವೂ ಜಾಗದಲ್ಲಿ ನಿಲ್ಲುವವರಾದರೆ ಕೂಲಿ ಮಾತ್ರದ್ದು ಒಳ್ಳೆಯದು. ಕಲ್ಲು, ಸಿಮೆಂಟು ನೀವೇ ನೋಡಿ ತರುತ್ತೀರಿ. ಬೆಂಗಳೂರಿನಲ್ಲಿದ್ದುಕೊಂಡು ವಾಟ್ಸಾಪ್ ಫೋಟೋ ನೋಡಿ ಕಟ್ಟಿಸುವವರಿಗೆ ಅದು ಆಗುವುದಿಲ್ಲ.

ಕರಾರು ಒಂದೇ ಪುಟ ಇರಲಿ, ಆದರೆ ಬರಹದಲ್ಲಿ ಇರಲಿ. ಹಣ ಕೆಲಸದ ಹಂತಕ್ಕೆ ತಕ್ಕಂತೆ: ಪಂಚಾಂಗ, ಲಿಂಟೆಲ್ (ಬಾಗಿಲು-ಕಿಟಕಿಯ ಮೇಲಿನ ತೊಲೆ), ಮಾಡು, ಗಿಲಾಯಿ (ಪ್ಲಾಸ್ಟರ್). ಹತ್ತರಲ್ಲಿ ಒಂದು ಪಾಲನ್ನು ಕೊನೆಗೆ ಹಿಡಿದಿಡಿ, ಒಂದು ಮಳೆಗಾಲ ಕಳೆದ ಮೇಲೆ ಕೊಡುವುದೆಂದು ಮೊದಲೇ ಬರೆಯಿರಿ. ನಮ್ಮ ಗವಂಡಿ (ಗಾರೆ ಮೇಸ್ತ್ರಿ) ಇದಕ್ಕೆ ಸ್ವಲ್ಪ ಮುಖ ಸಣ್ಣ ಮಾಡಿದ. ಆಮೇಲೆ, 'ಆಯ್ತು ಅಣ್ಣಾ, ನನ್ನ ಕೆಲಸ ನಂಗೆ ಗೊತ್ತುಂಟು' ಎಂದ. ಕಟ್ಟುವ ಖರ್ಚು ಒಂದು ಮಿತಿ ದಾಟಿದರೆ ಕಾರ್ಮಿಕ ಸೆಸ್ ಇದೆ, ಈಗಿನ ಮಿತಿ ಕೇಳಿಕೊಂಡು ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ದಿನದ ಲೆಕ್ಕ ಹೀಗಿರಲಿ. ದೀಪಾವಳಿ ಮುಗಿದ ಮೇಲೆ ಪಾಯ. ಜನವರಿ ಕೊನೆಗೆ ಗೋಡೆ ಲಿಂಟೆಲ್ ಮಟ್ಟಕ್ಕೆ. ಮಾರ್ಚ್ ಒಳಗೆ ಮಾಡು. ಏಪ್ರಿಲ್, ಮೇ ಒಳಗಿನ ಕೆಲಸ ಮತ್ತು ಚರಂಡಿ. ಜನವರಿಯಲ್ಲಿ ಶುರು ಮಾಡುತ್ತೇನೆ ಎನ್ನುವವರಿಗೆ ನನ್ನ ಸಲಹೆ, ಮುಂದಿನ ವರ್ಷಕ್ಕೆ ಬಿಡಿ. ಮಾಡು ಇಲ್ಲದ ಗೋಡೆ ಮೃಗಶಿರಾ ಮಳೆಯಲ್ಲಿ ನೆನೆಯುವುದನ್ನು ನೋಡಿಕೊಂಡು ಕೂರುವುದು ಬಹಳ ಬೇಜಾರು.

ಪಾಯ ಮತ್ತು ಗೋಡೆ

ಚೀರೆಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲವಾದರೆ ಎರಡು ಮೂರು ಅಡಿಗೆ ಗಟ್ಟಿ ಸಿಗುತ್ತದೆ. ಗದ್ದೆ ತುಂಬಿಸಿದ ಜಾಗವಾದರೆ ತುಂಬಿದ ಮಣ್ಣಿನ ಮೇಲೆ ಪಾಯ ಕೂರಿಸಬೇಡಿ, ಕೆಳಗಿನ ಮೂಲ ನೆಲ ಸಿಗುವ ತನಕ ಇಳಿಯಿರಿ. ತುಂಬಿದ ಮಣ್ಣು ಕುಳಿತುಕೊಳ್ಳಲು ಎರಡು ಮಳೆಗಾಲವಾದರೂ ಬೇಕು. ಒಳಗೆ ತುಂಬುವ ಮಣ್ಣನ್ನು ಅರ್ಧ ಅರ್ಧ ಅಡಿಯಾಗಿ ಹಾಕಿ, ನೀರು ಹೊಡೆದು, ದಮ್ಮಸ್ಸು ಮಾಡಿಸಿ. ಇಲ್ಲದಿದ್ದರೆ ಎರಡು ವರ್ಷಕ್ಕೆ ಟೈಲ್ಸ್ ಕೆಳಗೆ ಟೊಳ್ಳು ಸದ್ದು ಕೇಳುತ್ತದೆ.

ನೀರು ನಿಲ್ಲುವ ನೆಲದೊಳಗೆ ಕರಿಕಲ್ಲು ಹಾಕಿ. ಚೀರೆಕಲ್ಲು ನೆಲದ ಮೇಲೆ ನೂರು ವರ್ಷ ಬಾಳುತ್ತದೆ, ಆದರೆ ವರ್ಷಕ್ಕೆ ನಾಲ್ಕು ತಿಂಗಳು ನೀರಲ್ಲಿ ನೆನೆದರೆ ಮೆತ್ತಗಾಗುತ್ತದೆ. ಪಂಚಾಂಗದ ಮೇಲೆ ಸುತ್ತಲೂ ಒಂದು ಕಾಂಕ್ರೀಟ್ ಪಟ್ಟಿ, ಅದರ ಮೇಲೆ ನೀರು ಏರದಂತೆ ತಡೆ ಪದರ. ಒರಲೆ (ಗೆದ್ದಲು) ಔಷಧಿಯನ್ನು ಪಾಯದ ಹಂತದಲ್ಲೇ ಹೊಡೆಸಿ. ಮನೆಯಾದ ಮೇಲೆ ಹೊಡೆಸಲು ನೆಲ ಕೊರೆಯಬೇಕಾಗುತ್ತದೆ.

ಚೀರೆಕಲ್ಲು ಆರಿಸುವುದು ಒಂದು ಕಲೆ. ಗಣಿಯಿಂದ ಹೊಸದಾಗಿ ಕಡಿದ ಕಲ್ಲು ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಹಾಗಾಗಿ ನವೆಂಬರ್‌ನಲ್ಲೇ ತರಿಸಿ ಒಂದೆರಡು ತಿಂಗಳು ರಾಶಿ ಹಾಕಿ ಬಿಡಿ. ಮಳೆಗಾಲದಲ್ಲಿ ಗಣಿ ನಿಲ್ಲುವುದರಿಂದ ಮೊದಲ ಲೋಡುಗಳಿಗೆ ಬೇಡಿಕೆ ಜಾಸ್ತಿ, ಮುಂಗಡ ಹೇಳಿಡಿ. ಬಿಳಿ ಜೇಡಿ ಮಣ್ಣಿನ ಗುಳಿ ಇರುವ ಕಲ್ಲನ್ನು ಬದಿಗೆ ಎಸೆಯಿರಿ. ಭಾರತೀಯ ಮಾನಕದ ಪ್ರಕಾರ ಒಳ್ಳೆ ಚೀರೆಕಲ್ಲು ತನ್ನ ತೂಕದ ಶೇಕಡಾ 12ಕ್ಕಿಂತ ಹೆಚ್ಚು ನೀರು ಕುಡಿಯಬಾರದು. ಮನೆಯಲ್ಲೇ ನೋಡಬಹುದು: ಒಣ ಕಲ್ಲು ತೂಗಿ, ಒಂದು ದಿನ ನೀರಲ್ಲಿ ಮುಳುಗಿಸಿ, ಮೇಲೆ ಒರೆಸಿ ಮತ್ತೆ ತೂಗಿ. 30 ಕಿಲೋ ಕಲ್ಲು 33.6 ಕಿಲೋ ದಾಟಿದರೆ ಆ ಗಣಿ ಬಿಡಿ. ಎರಡು ಮೂರು ಕಲ್ಲು ನೋಡಿ, ಒಂದರ ಮೇಲೆ ತೀರ್ಪು ಬೇಡ.

ಉಪ್ಪು ಗಾಳಿ ಮತ್ತು ಕಬ್ಬಿಣ

ಶಿರಸಿಯವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಕರಾವಳಿಯವರು ಎರಡು ಸಲ ಓದಿ.

ಸಮುದ್ರದ ಗಾಳಿಯ ಉಪ್ಪು ಕಾಂಕ್ರೀಟಿನೊಳಗೆ ಇಳಿದು ಸರಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಸರಳು ಉಬ್ಬುತ್ತದೆ, ಕಾಂಕ್ರೀಟ್ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಹದಿನೈದು ವರ್ಷದ ಮನೆಯ ಛಜ್ಜಾ ನೋಡಿದರೆ ಗೊತ್ತಾಗುತ್ತದೆ. ಐಎಸ್ 456 ಎಂಬ ಮಾನಕ ಕರಾವಳಿಯ ಗಾಳಿಗೆ ತೆರೆದ ಕಾಂಕ್ರೀಟಿಗೆ ಕನಿಷ್ಠ ಎಂ-30 ದರ್ಜೆ (ಅಂಕಿ ದೊಡ್ಡದಾದಷ್ಟೂ ಕಾಂಕ್ರೀಟ್ ಗಟ್ಟಿ), ಸರಳಿನ ಮೇಲೆ 45 ಮಿಲಿಮೀಟರ್ ಹೊದಿಕೆ ಹೇಳುತ್ತದೆ. ನಮ್ಮಲ್ಲಿ ಬುಟ್ಟಿ ಲೆಕ್ಕದಲ್ಲಿ ಹಾಕುವ 1:1.5:3 (ಸಿಮೆಂಟು, ಮರಳು, ಜಲ್ಲಿ) ಎಂ-20 ಮಾತ್ರ. ಒಂದಕ್ಕೆ ಎರಡು, ನಾಲ್ಕು ಎಂದರೆ ಇನ್ನೂ ಕಡಿಮೆ. ಇಂಜಿನಿಯರ್ ಹತ್ತಿರ ಮಿಶ್ರಣದ ಲೆಕ್ಕ ಬರೆಸಿಕೊಳ್ಳಿ.

ನೀರು ಸಿಮೆಂಟಿನ ತೂಕದ 0.45 ಪಾಲು ಮೀರಬಾರದು. 50 ಕಿಲೋ ಚೀಲಕ್ಕೆ 22.5 ಲೀಟರ್, ಅದರಲ್ಲಿ ಮರಳಿನ ಒದ್ದೆಯೂ ಸೇರಿತು. ಗವಂಡಿಗಳಿಗೆ ಇದು ಇಷ್ಟವಾಗುವುದಿಲ್ಲ, ಗಟ್ಟಿ ಮಿಶ್ರಣ ಎಳೆಯಲು ಕಷ್ಟ. ಯಾರೂ ನೋಡದಾಗ ಒಂದು ಬಕೆಟ್ ಜಾಸ್ತಿ ಸುರಿಯುತ್ತಾರೆ. ಕಾಂಕ್ರೀಟ್ ಹಾಕುವ ದಿನ ನೀರಿನ ಡ್ರಮ್ಮಿನ ಪಕ್ಕ ನೀವೇ ಕುರ್ಚಿ ಹಾಕಿ ಕೂರಿ.

ಏಪ್ರಿಲ್, ಮೇ ತಿಂಗಳಲ್ಲಿ ಹೊಳೆ ಬದಿಯ ಬಾವಿ ಉಪ್ಪಾಗುತ್ತದೆ. ಆ ನೀರು ಕಾಂಕ್ರೀಟಿಗೆ ಬೇಡ. ಸರಳು ಇರುವ ಕಾಂಕ್ರೀಟಿನ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು. ಪ್ರಯೋಗಾಲಯದಲ್ಲಿ ಒಮ್ಮೆ ನೋಡಿಸಿ. ಸಮುದ್ರದ ಹೊಯ್ಗೆ ಬೇಡವೆಂದು ಬೇರೆ ಹೇಳಬೇಕಿಲ್ಲ ಅಲ್ವಾ? ಬಿಲ್ಲು ಇರುವ ಮರಳು ಸಿಗದಿದ್ದರೆ ಎಂ-ಸ್ಯಾಂಡ್ ತನ್ನಿ. ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಾದರೆ ಹತ್ತು ದಿನವಾದರೂ ಒದ್ದೆ ಮಾಡಿಡಿ, ಗೋಣಿಚೀಲ ಹೊದಿಸಿ.

ನನ್ನ ಮನಸ್ಸಿನ ಮಾತು: ಕಾಂಕ್ರೀಟು ಕಡಿಮೆ ಇದ್ದಷ್ಟೂ ತುಕ್ಕು ಹಿಡಿಯಲು ಕಬ್ಬಿಣ ಕಡಿಮೆ. ಸಣ್ಣ ಮನೆಗೆ ಸ್ಲ್ಯಾಬ್ ಬೇಡ. ಸ್ಲ್ಯಾಬ್ ಹಾಕಿ, ಅದು ಸೋರಿ, ಮೇಲೆ ತಗಡಿನ ಮಾಡು ಹಾಕುವವರು ಎರಡು ಮಾಡಿಗೆ ದುಡ್ಡು ಕೊಡುತ್ತಾರೆ. ಮುಂದೆ ಮೇಲಂತಸ್ತು ಕಟ್ಟುವುದು ಖಂಡಿತ ಎಂದಿದ್ದರೆ ಮಾತ್ರ ಅದರ ಮಾತು.

ಮಾಡು

ಹಂಚಿಗೆ ಇಳಿಜಾರು 30 ಡಿಗ್ರಿಯಾದರೂ ಇರಲಿ. ಅಂಚು ಗೋಡೆಯಿಂದ ಎರಡೂವರೆ ಅಡಿ ಹೊರಗೆ ಬರಲಿ, ಪಶ್ಚಿಮಕ್ಕೆ ಮೂರು ಅಡಿ ಇದ್ದರೂ ಜಾಸ್ತಿಯಲ್ಲ.

ನಮ್ಮ ಲೆಕ್ಕ ಹೇಳುತ್ತೇನೆ, ನಿಮ್ಮದನ್ನು ಹೀಗೇ ಮಾಡಿಕೊಳ್ಳಿ. ಮನೆ 18 × 25 ಅಡಿ. ಸುತ್ತ ಎರಡೂವರೆ ಅಡಿ ಸೇರಿಸಿದರೆ 23 × 30, ಅಂದರೆ 690 ಚದರ ಅಡಿ. 30 ಡಿಗ್ರಿ ಇಳಿಜಾರಿಗೆ ಅದನ್ನು 0.866ರಿಂದ ಭಾಗಿಸಿ, ಸುಮಾರು 797 ಚದರ ಅಡಿ, 74 ಚದರ ಮೀಟರ್. ಮಂಗಳೂರು ಹಂಚು ಚದರ ಮೀಟರಿಗೆ ಸುಮಾರು 15 ಹಿಡಿಯುತ್ತದೆ. 1,110 ಹಂಚು, ಒಡೆಯುವುದಕ್ಕೆಂದು ಸೇರಿಸಿ 1,200 ತಂದೆವು. ಉಳಿದದ್ದನ್ನು ಕೊಡಬೇಡಿ. ಮುಂದೆ ಅದೇ ಅಚ್ಚಿನ ಹಂಚು ಸಿಗುವುದಿಲ್ಲ, ಬೇರೆ ಅಚ್ಚಿನದ್ದು ಕೂರುವುದಿಲ್ಲ.

ಪಕಾಸು, ರೀಪಿಗೆ ಮರ ದುಬಾರಿ. ಹಿತ್ತಲ ಹಲಸು ಕಡಿಯುವ ಯೋಚನೆ ಇದ್ದರೆ ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿ, 1976ರ ಮರ ಸಂರಕ್ಷಣಾ ಕಾಯ್ದೆ ಮನೆ ಹಿತ್ತಲಿಗೂ ಇದೆ. ಈಗ ಬಹಳ ಜನ ಜಿಐ ಪೈಪಿನ ಚೌಕಟ್ಟು ಮಾಡಿಸುತ್ತಾರೆ. ತಪ್ಪಲ್ಲ, ಆದರೆ ತುಕ್ಕು ಮೊದಲು ಹಿಡಿಯುವುದು ಬೆಸುಗೆಯ ಜಾಗಕ್ಕೆ. ಪ್ರತಿ ಬೆಸುಗೆಯನ್ನೂ ಉಜ್ಜಿ, ಸತುವಿನ ಪ್ರೈಮರ್ ಎರಡು ಕೈ ಹೊಡೆಸಿ, ಮಾಡಿನ ಮೇಲೆ ಹಂಚು ಏರುವ ಮೊದಲೇ. ಚೌಕಟ್ಟನ್ನು ಗೋಡೆಯ ಮೇಲಿನ ಪಟ್ಟಿಗೆ ಬೋಲ್ಟ್ ಹಾಕಿ ಬಿಗಿಯಿರಿ, ಸುಮ್ನೆ ಕೂರಿಸಿ ಬಿಡಬೇಡಿ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಗಾಳಿ ಮಾಡಿನ ಒಳಗಿನಿಂದ ಹೇಗೆ ಎತ್ತುತ್ತದೆ ಎಂದು ಕರಾವಳಿಯವರು ಕಂಡಿದ್ದಾರೆ.

ಘಟ್ಟದ ಮೇಲಿನವರ ಕಷ್ಟ ಬೇರೆ, ಮಂಗ. ಹಂಚಿನ ಮೇಲೆ ಮಂಗನ ಹಿಂಡು ಓಡಾಡುವ ಊರಲ್ಲಿ ಹಂಚು ಹಾಕಿ ಎಂದು ಹೇಳಲು ನನಗೆ ಧೈರ್ಯವಿಲ್ಲ. ಅಲ್ಲಿ ಶೀಟಿನ ಮಾಡು, ಒಳಗೆ ಹಲಗೆಯ ಮುಚ್ಚಿಗೆ.

ಶೌಚದ ಗುಂಡಿ ಮತ್ತು ಬಾವಿ

ನಾವು ಸೋತದ್ದು ಇಲ್ಲಿ. ಬಾವಿಯಿಂದ ಆದಷ್ಟು ದೂರ ಇರಲಿ ಎಂದು ಇಂಗುಗುಂಡಿಯನ್ನು ಹಿತ್ತಲ ತಗ್ಗಿನ ಮೂಲೆಗೆ ಹಾಕಿದೆವು. ಜನವರಿಯಲ್ಲಿ ತೋಡಿದಾಗ ಗುಂಡಿ ಒಣಗಿ ಧೂಳು ಹಾರುತ್ತಿತ್ತು. ಜುಲೈಯಲ್ಲಿ ನೆಲದ ನೀರು ಮೇಲೆ ಬಂದು ಗುಂಡಿ ಒಳಗಿನಿಂದಲೇ ತುಂಬಿತು. ಶೌಚಕ್ಕೆ ಹಾಕಿದ ನೀರು ವಾಪಸು ಬಂತು. ಆಯಿ ಮೂರು ವಾರ ಮತ್ತೆ ಹಳೆ ಮನೆಯ ಮೆಟ್ಟಿಲು ಹತ್ತಿದಳು, ನಾವಿಬ್ಬರು ಎರಡು ಬದಿಗೆ ಹಿಡಿದು. ಜುಲೈಯಲ್ಲಿ ಆ ಆಳುದ್ದದ ಗುಂಡಿ ತೋಡಿ ನೋಡಿದ್ದರೆ ಇದು ಮೊದಲೇ ಗೊತ್ತಾಗುತ್ತಿತ್ತು. ಮುಂದಿನ ಬೇಸಿಗೆಗೆ ಎತ್ತರದ ಬದಿಯಲ್ಲಿ, ಅಗಲ ಜಾಸ್ತಿ ಆಳ ಕಡಿಮೆ ಮಾಡಿ, ಹೊಸದು ತೋಡಿಸಬೇಕಾಯಿತು.

ಮಾನಕ ಹೇಳುವುದು ಹೀಗೆ. ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ 18 ಮೀಟರ್ ದೂರ, ವಾಸದ ಮನೆಯಿಂದ 6 ಮೀಟರ್. ಪಕ್ಕದವರ ಬಾವಿಯನ್ನೂ ಅಳೆಯಿರಿ, ಪಾಗಾರ ನೆಲದ ಕೆಳಗಿನ ನೀರನ್ನು ತಡೆಯುವುದಿಲ್ಲ. ಚೀರೆಕಲ್ಲಿನಲ್ಲಿ ಗುಳಿ, ಬಿರುಕು ತುಂಬಾ. ಮರಳು ಮಣ್ಣಿನಲ್ಲಿ ಸೋಸಿಕೊಂಡು ಹೋಗುವ ನೀರು ಇದರೊಳಗೆ ಕೊಳವೆಯಲ್ಲಿ ಹರಿದಂತೆ ಹರಿದುಬಿಡುತ್ತದೆ. ಹಾಗಾಗಿ 18 ಮೀಟರ್‌ಗಿಂತ ಜಾಸ್ತಿ ಸಿಕ್ಕರೆ ಒಳ್ಳೆಯದೇ. ಬಾವಿ ಎತ್ತರದಲ್ಲಿ, ಗುಂಡಿ ಅದರ ಕೆಳಬದಿಯಲ್ಲಿ ಇರಬೇಕು, ಆದರೆ ನೀರು ನಿಲ್ಲುವಷ್ಟು ತಗ್ಗಿನಲ್ಲಿ ಅಲ್ಲ. ಈ ಎರಡರ ನಡುವಿನ ಜಾಗ ಹುಡುಕುವುದೇ ಕೆಲಸ. ಸಿಗದೇ ಇದ್ದರೆ ಹಳೆ ಮನೆಯ ಗುಂಡಿ ದೊಡ್ಡದಿದೆಯೇ, ಅದಕ್ಕೇ ಸೇರಿಸಬಹುದೇ ನೋಡಿ.

ಐದು ಜನರ ಸೆಪ್ಟಿಕ್ ಟ್ಯಾಂಕಿಗೆ ಉದ್ದ 1.5 ಮೀಟರ್, ಅಗಲ 0.75 ಮೀಟರ್, ನೀರಿನ ಆಳ ಒಂದು ಮೀಟರ್ ಸಾಕು. ತಳ ಮತ್ತು ಗೋಡೆ ನೀರು ಬಿಡದಂತೆ ಗಿಲಾಯಿ ಆಗಿರಬೇಕು. ತಳವಿಲ್ಲದ ಟ್ಯಾಂಕ್ ಅಗ್ಗಕ್ಕೆ ಆಗುತ್ತದೆ, ಆದರೆ ಅದು ಟ್ಯಾಂಕ್ ಅಲ್ಲ, ನಿಮ್ಮ ಬಾವಿಗೆ ಬಿಟ್ಟ ದಾರಿ. ಮಾಡಿನ ನೀರು, ಬಚ್ಚಲ ನೀರು ಇದಕ್ಕೆ ಸೇರಬಾರದು. ಬಚ್ಚಲ ನೀರನ್ನು ಬಾಳೆ, ತೆಂಗಿನ ಬುಡಕ್ಕೆ ಬಿಡಿ.

ಮಾಡಿನ ನೀರು ಎಷ್ಟು ಎಂದು ಗೊತ್ತೇ? 690 ಚದರ ಅಡಿ ಎಂದರೆ 64 ಚದರ ಮೀಟರ್. ಮೂರು ಮೀಟರ್ ಮಳೆಗೆ 1 ಲಕ್ಷ 92 ಸಾವಿರ ಲೀಟರ್, ಒಂದು ಪುಟ್ಟ ಮನೆಯ ಮಾಡಿನಿಂದ ಮಾತ್ರ. ಇದು ಹೋಗುವ ದಾರಿ ಹಿತ್ತಲಲ್ಲಿ ಮೊದಲು ಇರಲಿಲ್ಲ. ಸುತ್ತಲೂ ಒಂದು ಅಡಿ ಅಗಲದ ಚರಂಡಿ, ಇಳಿಜಾರು ಪೂರ್ತಿ ಒಂದೇ ಕಡೆಗೆ. ಜುಲೈಯಲ್ಲಿ ಹೊಡೆದ ಗೂಟಗಳು ಈಗ ನೆರವಿಗೆ ಬರುತ್ತವೆ.

ಕರೆಂಟು

ಬಾಡಿಗೆಗೆ ಕೊಡುವುದಾದರೆ ಹೆಸ್ಕಾಂನಲ್ಲಿ ಬೇರೆ ಮೀಟರಿಗೆ ಅರ್ಜಿ ಹಾಕಿ. ಮನೆಯವರಿಗೇ ಆದರೆ ಹಳೆ ಮೀಟರಿಂದ ತಂತಿ ಎಳೆಯಬಹುದು, ಆದರೆ ಮಂಜೂರಾದ ಲೋಡ್ ಸಾಕಾಗುತ್ತದೆಯೇ ಕೇಳಿ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಕಡ್ಡಾಯ ಎಂದೇ ತಿಳಿಯಿರಿ. ನಮ್ಮ ಒದ್ದೆ ಗೋಡೆಗಳಲ್ಲಿ ಅದು ಜೀವ ಉಳಿಸುವ ಸಾಮಾನು. ಹೊಸ ಮನೆಗೆ ಅರ್ಥಿಂಗ್ ಬೇರೆಯೇ ತೋಡಿಸಿ.

ಮತ್ತೆ ಜುಲೈ

ಮನೆ ಒಕ್ಕಲಾದ ಮೊದಲ ಮಳೆಗಾಲದಲ್ಲಿ ಗೋಡೆಗೆ ದುಬಾರಿ ಬಣ್ಣ ಹೊಡೆಸಬೇಡಿ. ಸುಣ್ಣ ಸಾಕು. ಗೋಡೆಯೊಳಗಿನ ನೀರು ಇನ್ನೂ ಆರಿರುವುದಿಲ್ಲ, ಬಣ್ಣ ಗುಳ್ಳೆ ಬರುತ್ತದೆ. ಜೋರು ಮಳೆಯ ರಾತ್ರಿ ಟಾರ್ಚ್ ಹಿಡಿದು ಮಾಡಿನ ಒಳಗೆಲ್ಲ ನೋಡಿ, ತೊಟ್ಟಿಕ್ಕುವ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿ. ಕಿಟಕಿಯ ಕೆಳಗೆ, ಪಂಚಾಂಗದ ಮೇಲೆ ಅಂಗೈ ಇಟ್ಟು ನೋಡಿ. ಚರಂಡಿಯಲ್ಲಿ ನೀರು ನಿಂತಿದೆಯೇ, ಹರಿಯುತ್ತಿದೆಯೇ ನೋಡಿ. ಫೋಟೋ ತೆಗೆದಿಡಿ.

ನವರಾತ್ರಿ ಹೊತ್ತಿಗೆ ಕೊನೆಯ ಕಂತು ಕೊಡಲು ಗವಂಡಿಯನ್ನು ಕರೆದೆ. ಹಣ ಎಣಿಸುವ ಮೊದಲು ಅವನು ಕೇಳಿದ್ದು ಒಂದೇ, 'ಪಶ್ಚಿಮದ ಗೋಡೆ ಬೆವರಿತಾ?' ಬೆವರಿತ್ತು, ಕಿಟಕಿಯ ಕೆಳಗೆ ಒಂದು ಗೇಣು ಜಾಗ. ಅವನು ಕಂತನ್ನು ಮಡಚಿ ವಾಪಸು ನನ್ನ ಕೈಗಿಟ್ಟ. ಮಾರನೇ ದಿನ ಏಣಿ ಮತ್ತು ಒಂದು ಬುಟ್ಟಿ ಗಾರೆ ತಂದು ಛಜ್ಜಾದ ಅಂಚಿಗೆ ನೀರು ತೊಟ್ಟಿಕ್ಕುವ ಗೆರೆ ಕೊರೆದು, ಕಿಟಕಿಯ ಕಟ್ಟೆಗೆ ಹೊರಗಿಳಿಯುವ ಓರೆ ಕೊಟ್ಟ. ಆಯಿ ಜಗಲಿಯಲ್ಲಿ ಕೂತು ಅವನಿಗೆ ಚಾ ಮಾಡಿಸಿ ಕೊಟ್ಟಳು. ಸಂಜೆ ಹೋಗುವಾಗ ಕಂತು ಕೇಳಿ ತೆಗೆದುಕೊಂಡು ಹೋದ.